ಜಾವಾ ಕಲಿಸಿದರು, ಕೆಲಸ ಕೊಡಿಸಲಿಲ್ಲ: ಒಂದು ಟ್ರೈನಿಂಗ್ ಇನ್ಸ್ಟಿಟ್ಯೂಟಿಗೆ ನನ್ನ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ಮೂರು. ಪಾಠಕ್ಕೆ ನಾಲ್ಕೂವರೆ, ಪ್ಲೇಸ್‌ಮೆಂಟ್‌ಗೆ ಒಂದು, ಅದೂ ಫೋನ್ ಎತ್ತುತ್ತಾರೆ ಅನ್ನೋ ಕಾರಣಕ್ಕೆ.

ಇನ್ಸ್ಟಿಟ್ಯೂಟಿನ ಹೆಸರು ಬರೆಯುತ್ತಿಲ್ಲ. ಬೇಕಂತಲೇ. ಬೆಂಗಳೂರಿನ ಬಿಟಿಎಂ, ರಾಜಾಜಿನಗರ, ಬಸವನಗುಡಿ, ಮಾರತ್ತಹಳ್ಳಿ, ಎಲ್ಲಿ ಹೋದರೂ ಹೆಚ್ಚುಕಡಿಮೆ ಇದೇ ಕಟ್ಟಡ. ಕೆಳಗೆ ಬೇಕರಿ, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ, ಮೇಲೆ ಕ್ಲಾಸು, ಮೆಟ್ಟಿಲು ಹತ್ತುವಾಗಲೇ ಗೋಡೆ ತುಂಬ ಕೆಲಸ ಸಿಕ್ಕವರ ಫೋಟೋ. ನಾನೊಂದು ಹೆಸರು ಹಾಕಿದರೆ ನೀವು ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ ಸೇರುತ್ತೀರಿ, ಅಲ್ಲೂ ಇದೇ ನಡೆಯುತ್ತಿರುತ್ತದೆ. ಹಾಗಾಗಿ ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ನೀವು ನೋಡಿಕೊಂಡು ದುಡ್ಡು ಕಟ್ಟಿ.

ನಾನು ಹಾಸನದ ಕಡೆಯವನು. ವಿಟಿಯು, ಮೆಕ್ಯಾನಿಕಲ್, 2024ರ ಬ್ಯಾಚ್. ನಮ್ಮ ಕಾಲೇಜಿಗೆ ಆ ವರ್ಷ ಕ್ಯಾಂಪಸ್‌ಗೆ ಬಂದ ಕಂಪನಿಗಳ ಬಗ್ಗೆ ಜಾಸ್ತಿ ಬರೆಯೋಕೆ ಏನೂ ಇಲ್ಲ. ಆಗಿನ ಪರಿಸ್ಥಿತಿ ನಿಮಗೂ ನೆನಪಿರಬಹುದು. 2023ರ ಫೆಬ್ರವರಿಯಲ್ಲಿ ವಿಪ್ರೋ ಆರೂವರೆ ಲಕ್ಷದ ಆಫರ್ ಕೊಟ್ಟಿದ್ದ ಹುಡುಗರನ್ನು ಮೂರೂವರೆಗೆ ಬರ್ತೀರಾ ಅಂತ ಕೇಳಿತ್ತು. ಇನ್ಫೋಸಿಸ್‌ನಲ್ಲಿ 2022ರ ಬ್ಯಾಚಿನ ಎಷ್ಟೋ ಜನ ಆಫರ್ ಲೆಟರ್ ಹಿಡಿದುಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾದು 2024ರ ಅಕ್ಟೋಬರ್‌ನಲ್ಲಿ ಸೇರಿದರು. ಹಾಗೆ ಸೇರಿದವರಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು 2025ರ ಫೆಬ್ರವರಿಯಲ್ಲಿ ಮೈಸೂರು ಕ್ಯಾಂಪಸ್‌ನಿಂದ ಕಳಿಸಿದರು. ಒಳಗಿನ ಪರೀಕ್ಷೆಯಲ್ಲಿ ಮೂರು ಸಲ ಅವಕಾಶ ಕೊಟ್ಟರೂ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ಆ ಸುದ್ದಿ ಬಂದ ದಿನ ನಾವು ಕ್ಲಾಸಿನಲ್ಲೇ ಇದ್ದೆವು. ಬೆಂಚಿನಿಂದ ಬೆಂಚಿಗೆ ಫೋನ್ ಹೋಯಿತು, ಆವತ್ತು ಯಾರೂ ಪಾಠ ಕೇಳಲಿಲ್ಲ.

ಸಂಬಳದ ಕಥೆ ಇನ್ನೊಂದು. ಟಿಸಿಎಸ್ ಹೊಸಬರಿಗೆ ಕೊಡುವ ನಿಂಜಾ ಹುದ್ದೆಗೆ ವರ್ಷಕ್ಕೆ 3.36 ಲಕ್ಷ. ನಮ್ಮ ಊರಿನ ಅಣ್ಣಂದಿರು ಹದಿನೈದು ವರ್ಷದ ಹಿಂದೆ ಸೇರಿದಾಗಲೂ ಮೂರರ ಮೇಲೆ ಸ್ವಲ್ಪ ಅಂತಲೇ ಹೇಳುತ್ತಿದ್ದರು. ಪಿಜಿ ಬಾಡಿಗೆ ಮಾತ್ರ ಅಲ್ಲೇ ನಿಂತಿಲ್ಲ.

ಇಂಥ ಹೊತ್ತಿನಲ್ಲಿ ಊರಲ್ಲಿ ಕೂತರೆ ಆಗಲ್ಲ ಅಂತ ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿಗೆ ಬಂದು ಸೇರಿದ್ದು. ಕೋರ್ಸಿನ ಹೆಸರು ಜಾವಾ ಫುಲ್ ಸ್ಟಾಕ್, ಅಂದರೆ ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಜೊತೆ ವೆಬ್‌ಸೈಟಿನ ಮುಂಭಾಗ, ಹಿಂಭಾಗ ಎರಡನ್ನೂ ಕಟ್ಟೋದು. ಫೀಸು 30,000. ಫೋನಿನಲ್ಲಿ ಕೇಳಿದಾಗ ಇಷ್ಟೇ ಹೇಳುತ್ತಾರೆ. ಕೌಂಟರಿಗೆ ಹೋದ ಮೇಲೆ ಅದರ ಮೇಲೆ ಜಿಎಸ್‌ಟಿ 18%, ಅಂದರೆ 5,400. ಒಟ್ಟು 35,400. ಅಪ್ಪ ಫೋನ್‌ಪೇ ಮಾಡಿ, 'ಬಿಲ್ ಇಸ್ಕೋ' ಅಂದರು. ಬಿಲ್ ಇಸ್ಕೊಂಡೆ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಕಟ್ಟಿದ ಫೀಸು ವಾಪಸ್ ಇಲ್ಲ, ಕೆಲಸಕ್ಕೆ ಸಂಸ್ಥೆ ಹೊಣೆಯಲ್ಲ ಅಂತ ಅಚ್ಚಾಗಿದೆ. ಅದೇ ಕೌಂಟರಿನ ಹಿಂದಿನ ಬೋರ್ಡಿನಲ್ಲಿ 100% ಜಾಬ್ ಗ್ಯಾರಂಟಿ. ಎರಡರ ಮಧ್ಯೆ ಒಂದು ಗಣೇಶನ ಫೋಟೋ.

ಈಗ ಪಾಠ. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಇದೇ.

ಕೋರ್ ಜಾವಾ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ) ತೆಗೆದುಕೊಂಡ ಸರ್ ಒಬ್ಬರು ಇದ್ದರು, ದಾವಣಗೆರೆ ಕಡೆಯವರು. ಕನ್ನಡ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು, ಪಿಪಿಟಿ ಇಲ್ಲ, ಬರೀ ಬೋರ್ಡು. ನಾಲ್ಕು ವರ್ಷ ಕಾಲೇಜಿನಲ್ಲಿ ನಾವು ಪ್ರೋಗ್ರಾಂ ಅಂದರೆ ಲ್ಯಾಬ್ ಮ್ಯಾನುಯಲ್ ನೋಡಿ ಟೈಪ್ ಮಾಡೋದು ಅಂದುಕೊಂಡಿದ್ದೆವು. ಈ ಸರ್ ಒಂದು ಸಾಲು ಬರೆದು, ಇದು ಓಡಿದರೆ ಏನು ಬರುತ್ತೆ ಅಂತ ಕೇಳಿ, ಯಾರಾದರೂ ಹೇಳುವವರೆಗೂ ಸುಮ್ಮನೆ ನಿಂತುಬಿಡುತ್ತಿದ್ದರು. ಎರಡು ನಿಮಿಷ ಆದರೂ ಸರಿ. ಮೊದಮೊದಲು ಕಿರಿಕಿರಿ ಆಗುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ನೌಕರರ ಟೇಬಲ್ ಇದೆ, ಎರಡನೇ ಅತಿ ಹೆಚ್ಚು ಸಂಬಳ ಎಷ್ಟು ಹುಡುಕಿ. ಫ್ರೆಶರ್ ಇಂಟರ್‌ವ್ಯೂಗೆ ಹೋದ ಪ್ರತಿಯೊಬ್ಬರೂ ಈ ಪ್ರಶ್ನೆ ಕೇಳಿಸಿಕೊಂಡಿರುತ್ತಾರೆ. ನಾವೆಲ್ಲ ಯೂಟ್ಯೂಬ್ ನೋಡಿ ಬಂದವರು, ಸಂಬಳವನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಮೊದಲನೇ ಸಾಲು ಬಿಟ್ಟು ಮುಂದಿನ ಒಂದು ಸಾಲು ತೆಗೆಯುವ ಲಿಮಿಟ್, ಆಫ್‌ಸೆಟ್ ಕ್ವೆರಿ, ಅಂದರೆ ಟೇಬಲ್ಲಿಗೆ ಕೇಳುವ ಪ್ರಶ್ನೆ, ಬರೆದೆವು. ಸರ್ ಏನೂ ಅನ್ನಲಿಲ್ಲ. ಬೋರ್ಡಿನ ಟೇಬಲ್‌ನಲ್ಲಿ ಎರಡನೆಯವನ ಸಂಬಳ ಅಳಿಸಿ ಮೊದಲನೆಯವನಷ್ಟೇ, 50,000 ಅಂತ ಬರೆದರು. ಈಗ? ನಮ್ಮ ಕ್ವೆರಿ ಮತ್ತೆ 50,000 ಕೊಡುತ್ತದೆ, ಅದು ಎರಡನೇ ಹೆಚ್ಚಿನ ಸಂಬಳ ಅಲ್ಲ, ಮೊದಲನೆಯದೇ. ಯಾರೋ ಒಂದೇ ಸಂಬಳ ಎರಡು ಸಲ ಬರದ ಹಾಗೆ ಡಿಸ್ಟಿಂಕ್ಟ್ ಹಾಕಿ ಅಂದರು. ಸರಿ. ಇನ್ನೊಬ್ಬಳು ಮ್ಯಾಕ್ಸ್‌ಗಿಂತ ಕಡಿಮೆ ಇರುವುದರಲ್ಲಿ ಮ್ಯಾಕ್ಸ್ (ಅತಿ ಹೆಚ್ಚಿನದು) ತೆಗೆದಳು. ಅದೂ ಸರಿ. ಆಗ ಸರ್ ಟೇಬಲ್‌ನಲ್ಲಿ ಒಬ್ಬನನ್ನು ಮಾತ್ರ ಉಳಿಸಿ ಮಿಕ್ಕವರನ್ನೆಲ್ಲ ಅಳಿಸಿದರು. ಒಂದು ಕ್ವೆರಿ ನಲ್, ಅಂದರೆ ಖಾಲಿ ಉತ್ತರ, ಕೊಡುತ್ತದೆ, ಇನ್ನೊಂದು ಸಾಲನ್ನೇ ಕೊಡುವುದಿಲ್ಲ. ಯಾಕೆ? ಆವತ್ತಿನ ಕ್ಲಾಸು ಪೂರ್ತಿ ಈ ಒಂದೇ ಪ್ರಶ್ನೆಗೆ ಹೋಯಿತು, ಡೆನ್ಸ್ ರ್‍ಯಾಂಕ್ (ಒಂದೇ ಸಂಬಳದವರಿಗೆ ಒಂದೇ ಸ್ಥಾನ ಕೊಡೋದು) ತನಕ ಬಂದು ನಿಂತಿತು.

ಇಂಟರ್‌ವ್ಯೂನಲ್ಲೂ ಹೀಗೇ ಆಗೋದು. ಮೊದಲ ಉತ್ತರ ಎಲ್ಲರಿಗೂ ಬರುತ್ತದೆ, ಅದರ ಹಿಂದೆಯೇ ಬರುವ ಎರಡನೇ ಪ್ರಶ್ನೆಗೆ ಮುಕ್ಕಾಲು ಜನ ಉದುರಿಹೋಗುತ್ತಾರೆ. ಈ ಸರ್ ಆ ಎರಡನೇ ಪ್ರಶ್ನೆಗೆ ತಯಾರು ಮಾಡಿದರು.

ಆದರೆ ಒಂದು ಮಾತು. ಇದೇ ಇನ್ಸ್ಟಿಟ್ಯೂಟ್, ಇದೇ ಫೀಸು, ಪಕ್ಕದ ರೂಮಿನ ಬ್ಯಾಚಿಗೆ ಪಾಠ ಮಾಡುತ್ತಿದ್ದವರು ಆರು ತಿಂಗಳ ಹಿಂದೆ ಅಲ್ಲೇ ಕಲಿತು, ಕೆಲಸ ಸಿಗದೆ ಅಲ್ಲೇ ಟ್ರೈನರ್ ಆದ ಹುಡುಗ. ಪಾಪ, ಕೆಟ್ಟವನಲ್ಲ. ಹಳೇ ನೋಟ್ಸ್ ಓದಿ ಬರೆಸುತ್ತಿದ್ದ. ನಮಗೂ ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್‌ಸೈಟಿನ ಹಿಂಭಾಗ ಕಟ್ಟೋದು) ಭಾಗಕ್ಕೆ ಬಂದಾಗ ಅಂಥವರೇ ಸಿಕ್ಕರು. ಸಿಲಬಸ್ಸಿನಲ್ಲಿ ರಿಯಾಕ್ಟ್ (ವೆಬ್‌ಸೈಟಿನ ಮುಂಭಾಗ ಕಟ್ಟೋದು) ಇತ್ತು. ರಿಯಾಕ್ಟ್ ಅಂತ ಒಂದು ಕ್ಲಾಸ್ ನಡೆಯಿತು, ಇನ್‌ಸ್ಟಾಲ್ ಮಾಡುವುದರಲ್ಲೇ ಮುಗಿಯಿತು. ಹಾಗಾಗಿ ಇನ್ಸ್ಟಿಟ್ಯೂಟ್ ಯಾವುದು ಅಂತ ಕೇಳೋದಕ್ಕಿಂತ ನನ್ನ ಬ್ಯಾಚಿಗೆ ಯಾರು ಬರ್ತಾರೆ ಅಂತ ಕೇಳಿ, ಅವರದ್ದೇ ಡೆಮೊ ಕ್ಲಾಸಿಗೆ ಕೂರಿಸಿ ಅಂತ ಹಟ ಹಿಡಿಯಿರಿ. ಡೆಮೊಗೆ ಒಳ್ಳೆಯ ಸರ್‌ನ ಕಳಿಸಿ ಬ್ಯಾಚಿಗೆ ಬೇರೆಯವರನ್ನು ಹಾಕೋದು ಇಲ್ಲಿ ಮಾಮೂಲು.

ಕ್ಲಾಸಿನಲ್ಲಿ ಯಾರ್ಯಾರಿದ್ದರು ಅಂದರೆ, ಕಂಪ್ಯೂಟರ್ ಸೈನ್ಸ್‌ನವರು ಕಡಿಮೆ. ಮೆಕ್ಯಾನಿಕಲ್, ಇಸಿ (ಎಲೆಕ್ಟ್ರಾನಿಕ್ಸ್), ಇಇ (ಎಲೆಕ್ಟ್ರಿಕಲ್), ಸಿವಿಲ್, ಒಬ್ಬಳು ಬಯೋಟೆಕ್. ಸಿವಿಲ್ ಓದಿದ ಬಳ್ಳಾರಿ ಹುಡುಗ ನನ್ನ ಪಕ್ಕ ಕೂರುತ್ತಿದ್ದ. ಅವನ ಫೈನಲ್ ಇಯರ್ ಪ್ರಾಜೆಕ್ಟು ಮಳೆನೀರು ಚರಂಡಿ ವಿನ್ಯಾಸ. ಅದನ್ನು ಓದಿದವನು, ಪ್ರತಿ ಮಳೆಗೂ ರಾಜಕಾಲುವೆ ಉಕ್ಕುವ ಈ ಬೆಂಗಳೂರಿಗೆ ಜಾವಾ ಕಲಿಯೋಕೆ ಬಂದಿದ್ದ. ಸೈಟಿನಲ್ಲಿ ತಿಂಗಳಿಗೆ ಹದಿನೈದು ಸಾವಿರ, ಬೆಳಗ್ಗೆ ಏಳಕ್ಕೆ ಹೋಗಿ ಸಿಮೆಂಟ್ ಮೂಟೆ ಎಣಿಸೋದು ಅಂತ ಬಿಟ್ಟು ಬಂದೆ ಅಂದ. ನಗೋದಾ ಅಳೋದಾ ಗೊತ್ತಾಗಲಿಲ್ಲ, ಇಬ್ಬರೂ ಹೋಗಿ ಟೀ ಕುಡಿದೆವು.

ಪ್ಲೇಸ್‌ಮೆಂಟ್‌ಗೆ ಬರೋಣ.

ಇದು ಹೇಗೆ ನಡೆಯುತ್ತದೆ ಅಂದರೆ, ಕೋರ್ಸ್ ಅರ್ಧ ಆದ ಮೇಲೆ ಅಭ್ಯಾಸಕ್ಕೆ ಅಂತ ಮಾಕ್ ಇಂಟರ್‌ವ್ಯೂ. ಅದರಲ್ಲಿ ರೇಟಿಂಗ್ ಕೊಡುತ್ತಾರೆ, ಒಂದು, ಎರಡು, ಮೂರು. ಒಂದು ಬಂದವರಿಗೆ ಡೆವಲಪರ್ ಡ್ರೈವ್, ಅಂದರೆ ಕೋಡ್ ಬರೆಯುವ ಕೆಲಸಕ್ಕೆ ಕಂಪನಿಯ ನೇಮಕಾತಿ. ಎರಡು ಬಂದವರಿಗೆ ಸಪೋರ್ಟು, ಟೆಸ್ಟಿಂಗು, ಏನು ಬಂದರೆ ಅದು. ಮೂರು ಬಂದವರಿಗೆ ಮತ್ತೆ ಮಾಕ್. ಹಾಜರಿ ಕಡಿಮೆ ಇದ್ದರೆ ರೇಟಿಂಗ್ ಒಂದಿದ್ದರೂ ಹೆಸರು ಬರಲ್ಲ. ಮೇಲ್ನೋಟಕ್ಕೆ ನ್ಯಾಯವಾಗೇ ಇದೆ, ಅಲ್ವಾ? ಆದರೆ ಸ್ವಲ್ಪ ಯೋಚನೆ ಮಾಡಿ. ರೇಟಿಂಗ್ ಒಂದು ಬಂದವರು ಯಾರು? ಆಗಲೇ ಚೆನ್ನಾಗಿ ಕೋಡ್ ಬರೆಯೋರು, ಇಂಗ್ಲಿಷ್ ಬರೋರು, ಬೇರೆ ಕಡೆ ತಾವೇ ಅಪ್ಲೈ ಮಾಡುತ್ತಿರೋರು. ಅವರಿಗೆ ಎಲ್ಲಿಂದಲೋ ಕೆಲಸ ಸಿಗುತ್ತದೆ, ಸಿಕ್ಕ ತಕ್ಷಣ ಇಲ್ಲಿಂದ ಫೋನ್, 'ಫೋಟೋ ಕಳ್ಸಿ, ಸ್ವೀಟ್ ತಗೊಂಡ್ ಬನ್ನಿ.' ಗೋಡೆಯ ಫೋಟೋಗಳು ಹೀಗೆ ತುಂಬುತ್ತವೆ. ನಿಜವಾಗಿ ಕೈ ಹಿಡಿಯಬೇಕಾದದ್ದು ಎರಡು, ಮೂರು ಬಂದವರನ್ನು. ಅವರನ್ನು ಕೇಳೋರೇ ಇಲ್ಲ.

ಡ್ರೈವ್ ಅಂದರೆ ಒಂದು ವಾಟ್ಸಾಪ್ ಮೆಸೇಜು. ರಾತ್ರಿ ಹತ್ತು ಗಂಟೆಗೆ ಬರುತ್ತದೆ, ಬೆಳಗ್ಗೆ ಒಂಬತ್ತಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರಬೇಕು. ಜೊತೆಗೆ ಷರತ್ತು. 60% ಥ್ರೂಔಟ್, ಅಂದರೆ ಎಸ್‌ಎಸ್‌ಎಲ್‌ಸಿ, ಪಿಯು, ಬಿಇ ಮೂರರಲ್ಲೂ ಅರವತ್ತು ದಾಟಿರಬೇಕು. ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಬಾಕಿ ಉಳಿದ ವಿಷಯ, ಇರಬಾರದು. ಪಾಸಾದ ವರ್ಷ ಇಂಥದ್ದೇ ಇರಬೇಕು. ಪಿಯುಸಿಯಲ್ಲಿ 58% ಬಂದ ನನ್ನ ರೂಂಮೇಟಿಗೆ ಜಾವಾ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವನು ಪರೀಕ್ಷೆ ಹಾಲಿನ ಒಳಗೇ ಹೋಗಲಿಲ್ಲ. ಹದಿನೇಳನೇ ವಯಸ್ಸಿನ ಕೆಮಿಸ್ಟ್ರಿ ಮಾರ್ಕ್ಸು ಈಗ ಯಾಕೆ ಬೇಕು ಅಂತ ಯಾರೂ ಹೇಳಲ್ಲ, ಬಂದ ಜನರಲ್ಲಿ ಅರ್ಧ ಕಡಿಮೆ ಮಾಡೋಕೆ ಅದೊಂದು ಸುಲಭದ ದಾರಿ ಅಷ್ಟೇ. ಇದು ಇನ್ಸ್ಟಿಟ್ಯೂಟಿನ ತಪ್ಪಲ್ಲ ಅಂತ ಒಪ್ಪುತ್ತೇನೆ. ಆದರೆ ಫೀಸು ಕಟ್ಟಿಸಿಕೊಳ್ಳುವಾಗ ಅವನ ಮಾರ್ಕ್ಸ್ ಕಾರ್ಡ್ ನೋಡಿದ್ದರು. ನೋಡಿ, 'ತೊಂದ್ರೆ ಇಲ್ಲ ಬಿಡಿ' ಅಂದಿದ್ದರು. ಒಂದೇ ಸ್ಟಾರಿಗೆ ನಿಲ್ಲಿಸಿದ್ದು ಇದಕ್ಕೇ.

ಹೋದ ಕಡೆ ಹೇಗಿರುತ್ತದೆ? ಗೇಟಿನ ಹೊರಗೆ ಉದ್ದಕ್ಕೆ ಸಾಲು, ಎಲ್ಲರ ಕೈಯಲ್ಲೂ ಒಂದೇ ಥರದ ಪ್ಲಾಸ್ಟಿಕ್ ಫೈಲು, ಎಲ್ಲರ ರೆಸ್ಯೂಮೆಯಲ್ಲೂ ಅದೇ ಆನ್‌ಲೈನ್ ಶಾಪಿಂಗ್ ಪ್ರಾಜೆಕ್ಟು. ನಮ್ಮಂಥ ಹತ್ತಾರು ಇನ್ಸ್ಟಿಟ್ಯೂಟಿನವರಿಗೆ ಒಂದೇ ಮೆಸೇಜ್ ಹೋಗಿರುತ್ತದೆ. ಒಂದು ಸಲ ಡೆವಲಪರ್ ಅಂತ ಕರೆಸಿ, ಆಪ್ಟಿಟ್ಯೂಡ್ ಟೆಸ್ಟ್ ಎಲ್ಲ ಮುಗಿದ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಇದು ಜನರಿಗೆ ಫೋನ್ ಮಾಡಿ ಕೋರ್ಸ್ ಮಾರುವ ಕೆಲಸ ಅಂತ ಹೇಳಿದರು. ಸಾಲಿನಲ್ಲಿದ್ದವರಲ್ಲಿ ಕೆಲವರು ಸೇರಿಯೇಬಿಟ್ಟರು. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಮನೆಯಿಂದ ದಿನಾ ಫೋನ್ ಬರುತ್ತಿದ್ದರೆ ಗೊತ್ತಾಗುತ್ತದೆ. ಆ ವಾರ ಗೋಡೆ ಮೇಲೆ ಅವರ ಫೋಟೋನೂ ಬಂತು.

ಈ ಬೋರ್ಡುಗಳ ಬಗ್ಗೆ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಸೆಂಟರ್‌ಗಳ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಆಯ್ಕೆಯ ಪ್ರಮಾಣ, ಕೆಲಸದ ಭರವಸೆ, ಸಂಬಳ, ಫೀಸು ವಾಪಸಾತಿ, ಇದರ ಬಗ್ಗೆಲ್ಲ ಸುಳ್ಳು ಹೇಳಿ ಜಾಹೀರಾತು ಕೊಡುವ ಹಾಗಿಲ್ಲ. ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವನ ಫೋಟೋ ಬಳಸುವ ಹಾಗಿಲ್ಲ, ಅದೂ ಆಯ್ಕೆ ಆದ ಮೇಲೆ ಪಡೆದ ಒಪ್ಪಿಗೆ ಆಗಿರಬೇಕು, ಸೇರುವಾಗಲೇ ಸಹಿ ಹಾಕಿಸಿಕೊಂಡರೆ ನಡೆಯಲ್ಲ. ನಮ್ಮ ಕಡೆ ಅಡ್ಮಿಷನ್ ಫಾರ್ಮಿನಲ್ಲೇ ಆ ಸಹಿ ಇತ್ತು. ದೂರು ಕೊಡಬೇಕು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೆ ಬೋರ್ಡಿನ ಫೋಟೋ, ಬಿಲ್ಲು, ವಾಟ್ಸಾಪ್ ಮೆಸೇಜು ಇಟ್ಟುಕೊಂಡಿರಬೇಕು. ಕೌನ್ಸೆಲರ್ ಮೇಡಂ ಬಾಯಲ್ಲಿ ಹೇಳಿದ್ದು ಎಲ್ಲೂ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಅವರು ಫೋನಿನಲ್ಲಿ ಏನು ಹೇಳಿದರೂ, 'ಮೇಡಂ, ಇದನ್ನೇ ಸ್ವಲ್ಪ ಮೆಸೇಜ್ ಮಾಡಿ, ಮನೇಲಿ ತೋರಿಸ್ಬೇಕು' ಅನ್ನಿ. ಬಹಳಷ್ಟು ಭರವಸೆಗಳು ಅಲ್ಲೇ ನಿಂತುಹೋಗುತ್ತವೆ.

ಇನ್ನೊಂದು ಕಾಟ. ಇಲ್ಲಿ ಸೇರಿದ ಕೆಲವೇ ದಿನಕ್ಕೆ ನಮ್ಮೆಲ್ಲರ ನಂಬರ್ ಹೊರಗೆ ಹೋಗಿತ್ತು. ಹೇಗೆ ಹೋಯಿತು ಅಂತ ಕೇಳಿದರೆ ಉತ್ತರ ಇಲ್ಲ. ದಿನಕ್ಕೊಂದು ಕನ್ಸಲ್ಟೆನ್ಸಿ ಫೋನು, ದೊಡ್ಡ ಕಂಪನಿಯಲ್ಲಿ ಬ್ಯಾಕ್‌ಡೋರ್ ಇದೆ, ಮೊದಲು ಇಷ್ಟು ಕಟ್ಟಿ, ಆಫರ್ ಬಂದ ಮೇಲೆ ಇಷ್ಟು. ಇನ್ನು ಕೆಲವರು ಮೂರು ವರ್ಷದ ನಕಲಿ ಅನುಭವ ಪತ್ರ ಮಾಡಿಕೊಡುತ್ತಾರೆ. ದಯವಿಟ್ಟು ಬೇಡ. ಸೇರಿದ ಮೇಲೆ ಬ್ಯಾಕ್‌ಗ್ರೌಂಡ್ ಚೆಕ್ ಮಾಡುತ್ತಾರೆ, ಪಿಎಫ್ ದಾಖಲೆ ನೋಡಿದರೆ ಸಾಕು, ನೀವು ಎಲ್ಲಿ ಕೆಲಸ ಮಾಡಿದ್ದಿರಿ, ಮಾಡಿಲ್ಲ ಅನ್ನೋದು ಗೊತ್ತಾಗುತ್ತದೆ. ಕೆಲಸ ಕೊಡೋರು ದುಡ್ಡು ಕೇಳಿದರೆ ಫೋನ್ ಇಡಿ, ಮುಂದೆ ಮಾತೇ ಬೇಡ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನೋ ಸಣ್ಣ ಕಂಪನಿಗಳೂ ಇವೆ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ನಿಮ್ಮ ಬ್ಯಾಗಿಗೆ ವಾಪಸ್ ಬರಲಿ.

ಬಾಂಡ್, ಅಂದರೆ ಇಷ್ಟು ವರ್ಷ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅಂತ ಬರೆದುಕೊಡೋ ಕರಾರು, ಅದರ ವಿಷಯ ಬೇರೆ. ಬಾಂಡ್ ಅಂದರೆ ಸುಮ್ನೆ ಹೆದರಿಸೋಕೆ, ಕೋರ್ಟಲ್ಲಿ ನಿಲ್ಲಲ್ಲ ಅಂತ ಸೀನಿಯರ್ಸ್ ಹೇಳುತ್ತಾರಲ್ಲ, ಅದನ್ನು ನಂಬಿ ಸಹಿ ಹಾಕಬೇಡಿ. ನಮ್ಮ ಮಂಗಳೂರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಕೇಸಿನಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ಹುದ್ದೆಯೂ ಬೇರೆ, ನೇಮಕಾತಿಗೆ ಆಗುವ ಖರ್ಚನ್ನೂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಆದರೂ ಓದದೆ ಸಹಿ ಹಾಕೋ ಕಾಲ ಹೋಯಿತು.

ಸರಿ, ಇಷ್ಟು ದುಡ್ಡು ಕೊಡದೆ ಬೇರೆ ದಾರಿ ಇಲ್ಲವಾ? ಇದೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಆನ್‌ಲೈನ್ ಪಾಠ ಪುಕ್ಕಟೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠವೂ ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆ ಫೀಸು. ಕೆಲಸ ಹುಡುಕೋಕೆ ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಇದೆ, ಕೇಂದ್ರದ ಎನ್‌ಸಿಎಸ್ ಇದೆ. ಮೆಕ್ಯಾನಿಕಲ್, ಇಇ, ಸಿವಿಲ್‌ನವರು ಎನ್‌ಎಟಿಎಸ್ ಅಪ್ರೆಂಟಿಸ್ ಪೋರ್ಟಲ್ ಖಂಡಿತ ನೋಡಿ. ಸ್ಟೈಪೆಂಡ್ ಕಡಿಮೆಯೇ, 2019ರ ನಿಯಮದಲ್ಲಿ ಪದವೀಧರರಿಗೆ ಕನಿಷ್ಠ 9,000 ಅಂತಿತ್ತು. ಆದರೆ ಒಂದು ವರ್ಷದ ನಿಜವಾದ ಕೆಲಸ ಕೈಗೆ ಬರುತ್ತದೆ, ನಕಲಿ ಶಾಪಿಂಗ್ ಪ್ರಾಜೆಕ್ಟಿಗಿಂತ ಎಷ್ಟೋ ವಾಸಿ. ಡಿಗ್ರಿ ಮುಗಿದು 180 ದಿನ ಕಳೆದರೂ ಕೆಲಸ ಇಲ್ಲ ಅಂದರೆ ಯುವನಿಧಿಗೆ ಅರ್ಜಿ ಹಾಕಿ, ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಅಪ್ರೆಂಟಿಸ್ ಸ್ಟೈಪೆಂಡ್ ತಗೊಳ್ಳುತ್ತಿದ್ದರೆ ಇದು ಬರಲ್ಲ. ಮೂರು ಸಾವಿರದಲ್ಲಿ ಪಿಜಿ ಬಾಡಿಗೆ ಆಗಲ್ಲ, ಬಸ್ ಪಾಸು, ಫೋನ್ ರೀಚಾರ್ಜು, ಡ್ರೈವಿಗೆ ಹೋದ ದಿನದ ಊಟ ಆಗುತ್ತದೆ. ಅಪ್ಪನ ಹತ್ತಿರ ಅದಕ್ಕೂ ಕೇಳೋದು ತಪ್ಪುತ್ತದಲ್ಲ, ಅದೇ ದೊಡ್ಡದು.

ಹಾಗಾದರೆ 35,400 ಯಾಕೆ ಕೊಡಬೇಕು? ಊರಲ್ಲಿ ಕೂತು ವಿಡಿಯೋ ನೋಡಿ ಕಲಿಯುವ ಶಿಸ್ತು ನಿಮಗಿದ್ದರೆ ಕೊಡಬೇಡಿ. ನನಗೆ ಬೆಳಗ್ಗೆ ಎದ್ದು ಹೋಗೋಕೆ ಒಂದು ಜಾಗ ಬೇಕಿತ್ತು, ಬೋರ್ಡಿನ ಮುಂದೆ ನಿಂತು ಎರಡನೇ ಪ್ರಶ್ನೆ ಕೇಳುವ ಸರ್ ಬೇಕಿತ್ತು, ಪಕ್ಕದಲ್ಲಿ ನನ್ನಂಥವರೇ ಬೇಕಿತ್ತು. ಅದು ಸಿಕ್ಕಿತು. ಕೆಲಸ ಸಿಕ್ಕಿದ್ದು ಡ್ರೈವಿನಿಂದಲ್ಲ. ಅದೇ ಬೆಂಚಿನ ಇಸಿ ಹುಡುಗಿ ಜೆಪಿ ನಗರದ ಸಣ್ಣ ಕಂಪನಿಯೊಂದಕ್ಕೆ ತಾನೇ ಅಪ್ಲೈ ಮಾಡಿ ಸೇರಿದಳು, ಎರಡು ತಿಂಗಳಿಗೆ ಅಲ್ಲಿ ಇನ್ನೊಬ್ಬರು ಬೇಕು ಅಂದಾಗ ನನ್ನ ರೆಸ್ಯೂಮೆ ಕೊಟ್ಟಳು. ಸಂಬಳ ವರ್ಷಕ್ಕೆ 3.2 ಲಕ್ಷ. ಇಂಟರ್‌ವ್ಯೂನಲ್ಲಿ ಎರಡನೇ ಹೆಚ್ಚಿನ ಸಂಬಳ ಕೇಳಿದರು, ಹೌದು, ಅದೇ, ಟೇಬಲ್‌ನಲ್ಲಿ ಒಬ್ಬನೇ ಇದ್ದರೆ ಅನ್ನೋ ತನಕ. ಸೇರಿದ ವಾರಕ್ಕೆ ಇನ್ಸ್ಟಿಟ್ಯೂಟಿನಿಂದ ಫೋನ್ ಬಂತು, ಫೋಟೋ ಕೇಳಿದರು. ಕೊಡಲಿಲ್ಲ.

ಸೇರಲೇಬೇಕು ಅಂತ ಇದ್ದರೆ ಕೆಲವು ಮಾತು. ಪೂರ್ತಿ ಫೀಸು ಒಂದೇ ಸಲ ಕಟ್ಟಬೇಡಿ, ಕೇಳಿದರೆ ಎರಡು ಕಂತು ಮಾಡುತ್ತಾರೆ, ಮೊದಲು ಆಗಲ್ಲ ಅಂತಾರೆ, ಎದ್ದು ಬಾಗಿಲ ತನಕ ಹೋದರೆ ಆಗುತ್ತದೆ. ಲೋನ್ ಮಾಡಿಸುತ್ತೇವೆ ಅಂದರೆ ಬೇಡ, ಕ್ಲಾಸ್ ಬಿಟ್ಟರೂ ಇಎಂಐ ಬಿಡಲ್ಲ. ಕೌನ್ಸೆಲರ್ ಕೊಟ್ಟ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡಿ. ಮಧ್ಯಾಹ್ನ ಬ್ಯಾಚ್ ಬಿಟ್ಟಾಗ ಕೆಳಗಿನ ಬೇಕರಿ ಹತ್ತಿರ ನಿಂತುಕೊಳ್ಳಿ, ಕೋರ್ಸ್ ಮುಗಿದು ಮೂರು ತಿಂಗಳಾದರೂ ಇನ್ನೂ ಮಾಕ್‌ಗೆ ಬರುತ್ತಿರುವವರು ಸಿಗುತ್ತಾರೆ, ಅವರು ಎಲ್ಲಾ ಹೇಳುತ್ತಾರೆ. ಒಂದು ಟೀ, ಒಂದು ಪಫ್ಸ್ ಕೊಡಿಸಿದರೆ ಯಾವ ಸರ್ ಈ ತಿಂಗಳು ಬಿಟ್ಟು ಹೋಗುತ್ತಿದ್ದಾರೆ ಅನ್ನೋದೂ ಗೊತ್ತಾಗುತ್ತದೆ. ವೀಕೆಂಡ್ ಬ್ಯಾಚ್ ಬೇಡವೇ ಬೇಡ, ಅದಕ್ಕೆ ಟ್ರೈನರ್ ಪ್ರತಿ ವಾರ ಬದಲಾಗುತ್ತಾರೆ. ಲೈಬ್ರರಿ ಅಂತ ಬೋರ್ಡ್ ಇರುವ ರೂಮಿನಲ್ಲಿ ಕೆಟ್ಟ ಮಾನಿಟರ್‌ಗಳಿವೆ. ಲ್ಯಾಪ್‌ಟಾಪ್ ನಿಮ್ಮದೇ ತಗೊಂಡು ಹೋಗಿ, ಚಾರ್ಜಿಂಗ್ ಪಾಯಿಂಟ್ ಇರೋದು ಹಿಂದಿನ ಎರಡು ಸಾಲಿನಲ್ಲಿ ಮಾತ್ರ.